ಪ್ರೋಗ್ರಾಮಿಂಗ್ ಲ್ಯಾಬಿಗೆ ರೋಬೊ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಬಿಸಿಎ ಮೊದಲ ಸೆಮಿಸ್ಟರಿನ ಸಿ ಲ್ಯಾಬಿಗೆ ಆರ್ಡಿನೋ (ಕೋಡ್ ಹಾಕಿ ನಡೆಸುವ ಪುಟ್ಟ ಬೋರ್ಡು) ರೋಬೊ ತರಿಸಬೇಕೆಂದಿದ್ದೇವೆ. ಬ್ಯಾಚಿಗೆ 20 ಮಂದಿ. ಎಷ್ಟು ಬೇಕು? ಎಲ್ಲಿಂದ ಶುರು ಮಾಡಬೇಕು?
– ಉಪನ್ಯಾಸಕಿ, ಮಂಡ್ಯ

ಉತ್ತರ: ಮೂವರಿಗೊಂದರಂತೆ ಏಳು, ಕೈಕೊಟ್ಟರೆ ಇರಲಿ ಅಂತ ಇನ್ನೊಂದು. ಎಲ್ಲ ಬ್ಯಾಚಿಗೂ ಇದೇ ಸೆಟ್ ಸಾಕು.

ಕೊಳ್ಳುವ ಮುಂಚೆ ಒಂದು ಮಾತು. ಅಮೆರಿಕದ ವಾಯುಪಡೆ ಅಕಾಡೆಮಿಯಲ್ಲಿ ಬ್ಯಾರಿ ಫೇಗಿನ್, ಲಾರೆನ್ಸ್ ಮರ್ಕಲ್ 800ಕ್ಕೂ ಹೆಚ್ಚು ವಿದ್ಯಾರ್ಥಿಗಳನ್ನು ಹೋಲಿಸಿ ನೋಡಿದಾಗ ರೋಬೊ ಬಳಸಿದ ತರಗತಿಗಳಿಗೇ ಅಂಕ ಕಮ್ಮಿ ಬಂದಿತ್ತು. ರೋಬೊ ಇದ್ದದ್ದು ಲ್ಯಾಬಿನಲ್ಲಿ ಮಾತ್ರ. ವಿದ್ಯಾರ್ಥಿಗಳು ತಮ್ಮ ರೂಮಿನಲ್ಲಿ ಕೂತು ಬರೆದ ಕೋಡನ್ನು ಅಲ್ಲೇ ಓಡಿಸಿ ನೋಡಲು ದಾರಿಯಿರಲಿಲ್ಲ ಎಂಬುದು ಅವರು ಮುಂದಿಟ್ಟ ಕಾರಣ.

ಆದ್ದರಿಂದ ಮುಂದೆ ಹೋಗುವ, ತಿರುಗುವ, ನಿಲ್ಲುವ ಫಂಕ್ಷನ್‌ಗಳನ್ನು ನೀವೇ ಬರೆದು ಹೆಡರ್ ಫೈಲಿನಲ್ಲಿ (ಮಕ್ಕಳ ಕೋಡಿಗೆ ಸೇರಿಸಿಕೊಳ್ಳುವ ಫೈಲು) ಇಟ್ಟು ಕೊಡಿ. ಅದೇ ಹೆಸರಿನ ಫಂಕ್ಷನ್‌ಗಳ ಇನ್ನೊಂದು ಫೈಲು ಮೋಟಾರಿನ ಬದಲು ಬರೀ ಪ್ರಿಂಟ್ ಮಾಡಲಿ. ಮಕ್ಕಳು ಪಿಸಿಯಲ್ಲಿ ಪರೀಕ್ಷಿಸಿಯೇ ರೋಬೊ ಮುಟ್ಟಲಿ. ಮೊದಲ ವಾರಗಳಲ್ಲಿ ವೈರಿಂಗ್ ಅವರಿಗೆ ಬೇಡವೇ ಬೇಡ.

ಮೊದಲ ಪಾಠ ರೋಬೊವನ್ನು ಚೌಕಾಕಾರದಲ್ಲಿ ಓಡಿಸುವುದು. ಮುಂದೆ ಹೋಗು, ತಿರುಗು ಎಂದು ನಾಲ್ಕು ಸಲ, ಒಟ್ಟು ಎಂಟು ಸಾಲು ಬರೆದವರಿಗೆ ಅದನ್ನೇ ಮತ್ತೆ ಮತ್ತೆ ಮಾಡಿಸುವ ಫಾರ್ ಲೂಪ್ ಯಾಕೆ ಬೇಕೆಂದು ಬಿಡಿಸಿ ಹೇಳಬೇಕಿಲ್ಲ. ಆದರೆ ಚೌಕದ ತುದಿಗಳು ಕೂಡುವುದಿಲ್ಲ. ಮಕ್ಕಳು ತಮ್ಮ ಕೋಡೇ ತಪ್ಪೆಂದು ಒದ್ದಾಡುತ್ತಾರೆ. ಅಗ್ಗದ ಗೇರ್ ಮೋಟಾರು ಎರಡಕ್ಕೂ ಒಂದೇ ಪಿಡಬ್ಲ್ಯುಎಂ (ವೇಗ ಹೆಚ್ಚು-ಕಮ್ಮಿ ಮಾಡುವ ಸಿಗ್ನಲ್) ಕೊಟ್ಟರೂ ವೇಗ ಒಂದೇ ಇರುವುದಿಲ್ಲ. ಎಡಕ್ಕೊಂದು, ಬಲಕ್ಕೊಂದು ವೇರಿಯೇಬಲ್ ಇಡಿಸಿ, ರೋಬೊ ನೇರ ಓಡುವವರೆಗೆ ಹೊಂದಿಸಲು ಬಿಡಿ. ಇಷ್ಟು ಹೊತ್ತು ತಿರುಗು ಎಂದು ಡಿಲೇ ಎಣಿಸಿ ತಿರುಗಿಸಿದರೆ ಬೆಳಗಿನ ಬ್ಯಾಚಿನ 90 ಡಿಗ್ರಿ ಮಧ್ಯಾಹ್ನದ ಬ್ಯಾಚಿಗೆ ಸಿಗದು, ಬ್ಯಾಟರಿ ಅಷ್ಟರಲ್ಲಿ ಇಳಿದಿರುತ್ತದೆ.

ಬ್ಯಾಟರಿ ಎಂದಾಗ, 9 ವೋಲ್ಟಿನ ಚಿಕ್ಕ ಚೌಕ ಬ್ಯಾಟರಿ ಖಂಡಿತ ಬೇಡ. ಮೋಟಾರು ಎಳೆಯುವಷ್ಟು ಕರೆಂಟ್ ಅದು ಕೊಡಲಾರದು. ಚಕ್ರ ತಿರುಗಿದೊಡನೆ ವೋಲ್ಟೇಜ್ ಕುಸಿದು ಬೋರ್ಡು ರೀಸೆಟ್ ಆಗುತ್ತದೆ. 18650 ಎಂಬ ರೀಚಾರ್ಜ್ ಮಾಡುವ ಲಿಥಿಯಂ ಸೆಲ್ ಎರಡನ್ನು ಸರಣಿಯಲ್ಲಿ ಹಾಕಿ, 7.4 ವೋಲ್ಟ್ ಸಿಗುತ್ತದೆ. ಮೋಟಾರಿಗೆ ಕರೆಂಟ್ ಹಾಯಿಸುವ ಎಲ್298ಎನ್ ಡ್ರೈವರ್ ಅದರಲ್ಲಿ ಸುಮಾರು 2 ವೋಲ್ಟ್ ತಾನೇ ತಿನ್ನುತ್ತದೆ, ಆದರೂ ಪುಟ್ಟ ಮೋಟಾರಿಗೆ ಸಾಕು. ಡ್ರೈವರಿನ ಗ್ರೌಂಡನ್ನು ಬೋರ್ಡಿನ ಗ್ರೌಂಡಿಗೆ ಸೇರಿಸಲು ಮರೆತರೆ ಮೋಟಾರು ಹೇಳಿದಂತೆ ಕೇಳುವುದಿಲ್ಲ.

ಪ್ರಶ್ನೆ: ಆರ್ಡಿನೋ ಊನೋ ರೋಬೊಗೆ ದೂರ ಅಳೆಯುವ ಅಲ್ಟ್ರಾಸಾನಿಕ್ ಸೆನ್ಸರ್ ತಿರುಗಿಸಲು ಸರ್ವೋ (ಹೇಳಿದ ಕೋನಕ್ಕೆ ತಿರುಗುವ ಮೋಟಾರು) ಜೋಡಿಸಿದೆ. ಅಂದಿನಿಂದ ಒಂದು ಚಕ್ರಕ್ಕೆ ವೇಗ ಕೊಟ್ಟರೂ ಕೇಳುತ್ತಿಲ್ಲ. ವೈರು ಸರಿಯಿದೆ.
– ವಿದ್ಯಾರ್ಥಿ, ಮೈಸೂರು

ಉತ್ತರ: ಆ ಚಕ್ರದ ಮೋಟಾರಿನ ಎನೇಬಲ್ ವೈರು (ಡ್ರೈವರಿಗೆ ವೇಗದ ಸಿಗ್ನಲ್ ಒಯ್ಯುವುದು) 9 ಅಥವಾ 10ನೇ ಪಿನ್ನಿನಲ್ಲಿದೆಯೇ ನೋಡಿ. ಊನೋದಲ್ಲಿ ಸರ್ವೋ ಲೈಬ್ರರಿ ಆ ಪಿನ್ನುಗಳ ಸಿಗ್ನಲ್ ನಡೆಸುವ ಟೈಮರ್ 1 ಅನ್ನು ತಾನೇ ಹಿಡಿದುಕೊಳ್ಳುವುದರಿಂದ ಆ ಎರಡು ಪಿನ್ನುಗಳಲ್ಲಿ ಪಿಡಬ್ಲ್ಯುಎಂ ಸಿಗದು. ವೈರನ್ನು 5 ಅಥವಾ 6ಕ್ಕೆ ಬದಲಿಸಿ, ಕೋಡಿನಲ್ಲೂ ಪಿನ್ ನಂಬರ್ ತಿದ್ದಿ.