ಪುರಸಭೆ ಬೈಲಾ ಬದಲಾಗುತ್ತಿದೆ: ಆಕ್ಷೇಪಣೆ ಯಾರಿಗೆ, ಹೇಗೆ, ಯಾವಾಗ?

ಪ್ರಶ್ನೆ: ನಮ್ಮದು ಮಂಡ್ಯ ಜಿಲ್ಲೆಯ ಪುರಸಭೆ ಪಟ್ಟಣ. ಕಸ ನಿರ್ವಹಣೆ ಬೈಲಾಕ್ಕೆ ತಿದ್ದುಪಡಿಯ ಕರಡು ಹೊರಟಿದೆ. ಹೋಟೆಲ್, ಅಂಗಡಿಗಳ ಸೇವಾಶುಲ್ಕ ಏರುತ್ತದೆ. ಬೀದಿಗೆ ಕಸ ಹಾಕಿದರೆ ಸ್ಥಳದಲ್ಲೇ ದಂಡ. ವರ್ತಕರೆಲ್ಲ ಸೇರಿ ಸಹಿ ಹಾಕಿ ಮನವಿ ಕೊಡಬೇಕೆಂದಿದ್ದೇವೆ. ಅಷ್ಟು ಸಾಕೇ?

ಉತ್ತರ: ಸಾಲದು. ಇನ್ನೂರು ಜನ ಸಹಿ ಹಾಕಿದ ಮನವಿ ಕಡತದಲ್ಲಿ ಒಂದೇ ಆಕ್ಷೇಪಣೆಯಾಗಿ ಕೂರುತ್ತದೆ. ಅದರಲ್ಲಿ ‘ಶುಲ್ಕ ಜಾಸ್ತಿಯಾಯಿತು, ಕೈಬಿಡಿ’ ಎಂದಷ್ಟೇ ಇದ್ದರೆ ‘ಪರಿಶೀಲಿಸಲಾಯಿತು’ ಎಂಬ ಒಂದೇ ಸಾಲಿನಲ್ಲಿ ಕಥೆ ಮುಗಿಯುತ್ತದೆ.

ಮೊದಲು ಕರಡಿನ ಪೂರ್ಣ ಪಾಠ ಕೈಗೆ ಬರಬೇಕು. ಪತ್ರಿಕೆಯ ಸುದ್ದಿ ಅಥವಾ ವಾಟ್ಸ್‌ಆ್ಯಪ್‌ನಲ್ಲಿ ಓಡಾಡುವ ಎರಡು ಪುಟಗಳ ಫೋಟೋ ನಂಬಿ ಬರೆಯಬೇಡಿ. ಕಚೇರಿಯ ಸೂಚನಾ ಫಲಕ ನೋಡಿ, ಮುಖ್ಯಾಧಿಕಾರಿಯ ಬಳಿ ಪ್ರತಿ ಕೇಳಿ. ಕೊಡದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಇದೆ: ಶುಲ್ಕ 10 ರೂಪಾಯಿ, ಪ್ರತಿ ಪುಟಕ್ಕೆ 2 ರೂಪಾಯಿ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, ಸಾಮಾನ್ಯವಾಗಿ 150 ಪದಗಳ ಒಳಗೆ. ತೊಂದರೆಯೆಂದರೆ ಉತ್ತರಕ್ಕೂ 30 ದಿನ ಕಾಲಾವಕಾಶವಿದೆ, ಆಕ್ಷೇಪಣೆಗೂ ಬಹುತೇಕ ಅಷ್ಟೇ ದಿನ ಕೊಟ್ಟಿರುತ್ತಾರೆ. ಹಾಗಾಗಿ ಅರ್ಜಿ ಹಾಕಿ ಕಾಯುತ್ತ ಕೂರಬೇಡಿ. ಕೊನೆಯ ದಿನ ಯಾವುದೆಂಬುದನ್ನು ಪ್ರಕಟಣೆಯಲ್ಲೇ ನೋಡಿ. ಅಲ್ಲಿ ಬರೆದದ್ದೇ ಅಂತಿಮ. ಗುಮಾಸ್ತರು ಬಾಯಲ್ಲಿ ಹೇಳಿದ ದಿನಾಂಕವಲ್ಲ.

ಕರಡು ಸಿಕ್ಕಮೇಲೆ ಮೂರು ಕಡೆ ಕಣ್ಣಿಡಿ. ಒಂದು, ಪೀಠಿಕೆ. ಯಾವ ಕಾನೂನಿನ ಯಾವ ಪ್ರಕರಣದಡಿ ಈ ಬೈಲಾ ಎಂದು ಅಲ್ಲಿರುತ್ತದೆ; ಪುರಸಭೆಗಳಿಗೆ ಮೂಲ ಕರ್ನಾಟಕ ಪೌರಸಭೆಗಳ ಅಧಿನಿಯಮ, 1964. ಆ ಅಧಿನಿಯಮ ಕೊಡದ ಅಧಿಕಾರವನ್ನು ಬೈಲಾ ಹುಟ್ಟಿಸಿಕೊಳ್ಳಲು ಬರುವುದಿಲ್ಲ. ಎರಡು, ವ್ಯಾಖ್ಯೆಗಳು. ಜಗಳವೆಲ್ಲ ಹುಟ್ಟುವುದು ಇಲ್ಲೇ, ಆದರೆ ಎಲ್ಲರೂ ನೇರ ಶುಲ್ಕದ ಪಟ್ಟಿಗೆ ಹಾರುತ್ತಾರೆ. ‘ಹೋಟೆಲ್’ ಎಂದಷ್ಟೇ ಇದ್ದರೆ ನಾಲ್ಕು ಬೆಂಚಿನ ಕಾಫಿ ಅಂಗಡಿಗೂ ನೂರು ಜನ ಕೂರುವ ದರ್ಶಿನಿಗೂ ಒಂದೇ ದರ. ಮದ್ದೂರು ಸುತ್ತಮುತ್ತ ಎಳನೀರು ಬುರುಡೆಯದ್ದೇ ರಾಶಿ. ಅದು ಹಸಿ ಕಸವೋ ಒಣ ಕಸವೋ, ಎತ್ತುವವರು ಯಾರು, ಕರಡಿನಲ್ಲಿ ಇದೆಯೇ? ಇಲ್ಲವಾದರೆ ದಂಡ ಹಾಕುವವರ ಮರ್ಜಿಗೆ ಬಿಟ್ಟಂತೆ. ಮೂರು, ದಂಡದ ಕಂಡಿಕೆ: ದಂಡ ಹಾಕುವ ಅಧಿಕಾರ ಯಾವ ಹುದ್ದೆಯವರಿಗೆ, ಮುದ್ರಿತ ರಸೀದಿ ಕಡ್ಡಾಯವೇ, ಮೇಲ್ಮನವಿ ಯಾರ ಬಳಿ ಎಂಬುದು ಸ್ಪಷ್ಟವಾಗಿರಬೇಕು.

ಬರೆಯುವ ಕ್ರಮವೂ ಮುಖ್ಯ. ಕಂಡಿಕೆಯ ಸಂಖ್ಯೆ, ಅಲ್ಲಿರುವ ಪದಗಳು, ತಕರಾರಿನ ಕಾರಣ, ಬದಲಿಗೆ ಬೇಕಾದ ವಾಕ್ಯ. ಉದಾಹರಣೆಗೆ: ‘ಕಂಡಿಕೆ 7(2)ರಲ್ಲಿ “ಹೋಟೆಲ್” ಎಂಬುದರ ಬದಲು “20ಕ್ಕಿಂತ ಹೆಚ್ಚು ಆಸನಗಳಿರುವ ಹೋಟೆಲ್” ಎಂದು ಓದಿಕೊಳ್ಳತಕ್ಕದ್ದು.’ ಬದಲಿ ವಾಕ್ಯ ಕೊಟ್ಟರೆ ಒಪ್ಪುವುದು ಸುಲಭ, ತಳ್ಳಿಹಾಕಲು ಮಾತ್ರ ಕಾರಣ ಬರೆಯಬೇಕಾಗುತ್ತದೆ. ವರ್ತಕರು ಒಬ್ಬೊಬ್ಬರೂ ತಮ್ಮ ಅಂಗಡಿಯ ಅಳತೆ, ದಿನದ ಕಸ ಎಷ್ಟು ಕಿಲೋ ಎಂಬ ಲೆಕ್ಕದೊಂದಿಗೆ ಬೇರೆ ಬೇರೆಯಾಗಿ ಕೊಡಿ. ಶುಲ್ಕದ ಬಗ್ಗೆ ಕೇಳಬೇಕಾದ್ದು ‘ಯಾಕಿಷ್ಟು?’ ಎಂದಲ್ಲ. ಸಾಗಣೆ, ಸಿಬ್ಬಂದಿ, ಡೀಸೆಲ್ ಸೇರಿ ಖರ್ಚೆಷ್ಟು, ಅದನ್ನು ಯಾವ ಆಧಾರದ ಮೇಲೆ ಹಂಚಿದ್ದೀರಿ ಎಂದು ಕೇಳಿ. ಶುಲ್ಕಕ್ಕೂ ಸೇವೆಗೂ ತಾಳಮೇಳ ಇರಬೇಕು. ಇಲ್ಲದಿದ್ದರೆ ಅದು ಶುಲ್ಕದ ಹೆಸರಿನ ತೆರಿಗೆ, ಬೈಲಾದ ಮೂಲಕ ಹೊಸ ತೆರಿಗೆ ತರುವಂತಿಲ್ಲ.

ಟಪಾಲು ವಿಭಾಗದಲ್ಲಿ ಕೊಟ್ಟು ನಿಮ್ಮ ಪ್ರತಿಯ ಮೇಲೆ ಮೊಹರು, ಸ್ವೀಕೃತಿ ಸಂಖ್ಯೆ, ದಿನಾಂಕ ಹಾಕಿಸಿಕೊಳ್ಳಿ. ಒಂದು ಪ್ರತಿ ಜಿಲ್ಲಾಧಿಕಾರಿ ಕಚೇರಿಗೂ ಹೋಗಲಿ. ವಾರ್ಡಿನ ಸದಸ್ಯರಿಗೆ ಹೇಳಿದ್ದು, ಅವರ ಮೊಬೈಲಿಗೆ ಕಳಿಸಿದ್ದು ಲೆಕ್ಕಕ್ಕೆ ಬರುವುದಿಲ್ಲ. ಆದರೂ ಅವರನ್ನು ಮರೆಯಬೇಡಿ: 3 ಲಕ್ಷಕ್ಕಿಂತ ಕಡಿಮೆ ಜನಸಂಖ್ಯೆಯ ಊರುಗಳಿಗೆ ವಾರ್ಡ್ ಸಮಿತಿಯನ್ನು ಸಂವಿಧಾನ ಕಡ್ಡಾಯ ಮಾಡಿಲ್ಲ, ಹಾಗಾಗಿ ಸಭೆಯಲ್ಲಿ ನಿಮ್ಮ ದನಿ ಅವರೇ. ಚುನಾಯಿತ ಸದಸ್ಯರನ್ನೇ ಹಿಡಿಯಿರಿ. ನಾಮನಿರ್ದೇಶಿತರಿಗೆ ಮತದ ಹಕ್ಕಿಲ್ಲ.

ಪ್ರಶ್ನೆ: ಮೈಸೂರು ಜಿಲ್ಲೆಯ ಪಟ್ಟಣವೊಂದರ ಸಂತೆ ಬೀದಿಯಲ್ಲಿ ತಂದೆಯ ಕಾಲದಿಂದ ತರಕಾರಿ ಮಾರುತ್ತಿದ್ದೇನೆ. ಹೊಸ ಬೈಲಾದಲ್ಲಿ ಜನದಟ್ಟಣೆ, ಗಲೀಜು ಎಂಬ ಕಾರಣಕ್ಕೆ ಆ ರಸ್ತೆಯನ್ನು ‘ವ್ಯಾಪಾರ ನಿಷೇಧಿತ ವಲಯ’ ಮಾಡುತ್ತಾರಂತೆ.

ಉತ್ತರ: ಇದು ಬೈಲಾದ ಒಂದು ಸಾಲಿನಲ್ಲಿ ಮುಗಿಸುವ ಕೆಲಸವಲ್ಲ. ಇಲ್ಲಿ 2014ರ ಬೀದಿ ವ್ಯಾಪಾರಿಗಳ ಕೇಂದ್ರ ಕಾಯ್ದೆ ಅನ್ವಯಿಸುತ್ತದೆ. ಅದರ ಮೊದಲ ಅನುಸೂಚಿಯ ಪ್ರಕಾರ ಈಗಾಗಲೇ ಇರುವ ಮಾರುಕಟ್ಟೆಯನ್ನಾಗಲಿ, ಸಹಜವಾಗಿ ಬೆಳೆದ ಮಾರುಕಟ್ಟೆಯನ್ನಾಗಲಿ ನಿಷೇಧಿತ ವಲಯ ಎನ್ನುವಂತಿಲ್ಲ. ಜನದಟ್ಟಣೆ ಕಾರಣವಾಗದು. ಗಲೀಜೂ ಕಾರಣವಾಗದು, ಅದು ಕೇವಲ ವ್ಯಾಪಾರಿಗಳಿಂದಲೇ ಆಗಿದ್ದು ಪುರಸಭೆಯ ಕ್ರಮದಿಂದಲೂ ಸರಿಯಾಗದು ಎಂದಾದರೆ ಹೊರತು. ಬೀದಿ ವ್ಯಾಪಾರಿಗಳ ಸಮೀಕ್ಷೆ ಮುಗಿದು ಎಲ್ಲ ವ್ಯಾಪಾರಿಗಳಿಗೆ ಪ್ರಮಾಣಪತ್ರ ಕೊಡುವವರೆಗೆ ಎತ್ತಂಗಡಿ ಮಾಡುವಂತಿಲ್ಲ. ಆಮೇಲೂ ಎಬ್ಬಿಸಬೇಕಾದರೆ 30 ದಿನದ ನೋಟಿಸ್ ಬೇಕು.

ಆಕ್ಷೇಪಣೆಯಲ್ಲಿ ಎರಡು ಪ್ರಶ್ನೆ ಹಾಕಿ: ಸಮೀಕ್ಷೆ ಯಾವಾಗ ಆಯಿತು? ಅದೇ ಕಾಯ್ದೆಯಡಿ ರಚನೆಯಾಗುವ ಪಟ್ಟಣ ವ್ಯಾಪಾರ ಸಮಿತಿ ಈ ಶಿಫಾರಸನ್ನು ಯಾವ ಸಭೆಯಲ್ಲಿ ಮಾಡಿತು? ಆ ಸಮಿತಿಯಲ್ಲಿ ಕನಿಷ್ಠ ಶೇ 40 ಸದಸ್ಯರು ವ್ಯಾಪಾರಿಗಳೇ ಚುನಾಯಿಸಿದ ವ್ಯಾಪಾರಿಗಳಾಗಿರಬೇಕು, ಅವರಲ್ಲಿ ಮೂರನೇ ಒಂದು ಭಾಗ ಮಹಿಳೆಯರು. ಸಭೆಯ ನಡಾವಳಿಯ ಪ್ರತಿ ಕೇಳಿ. ಸುಂಕದ ಹಳೆಯ ರಸೀದಿ, ಗುರುತಿನ ಚೀಟಿ, ಪಿಎಂ ಸ್ವನಿಧಿ ಸಾಲದ ಕಾಗದ, ಇವೆಲ್ಲ ನೀವು ಅಲ್ಲಿ ವ್ಯಾಪಾರ ಮಾಡುತ್ತಿದ್ದುದಕ್ಕೆ ದಾಖಲೆ. ಹರಿದಿದ್ದರೂ ಎಸೆಯಬೇಡಿ.

ಪ್ರಶ್ನೆ: ಶ್ರೀರಂಗಪಟ್ಟಣದಲ್ಲಿ ಮನೆ ಇದೆ. ಕಟ್ಟಡ ಬೈಲಾ ಸಡಿಲವಾದರೆ ಇನ್ನೊಂದು ಅಂತಸ್ತು ಏರಿಸಬಹುದೇ?

ಉತ್ತರ: ನಿವೇಶನ ಎಲ್ಲಿದೆ ಎಂಬುದರ ಮೇಲೆ ನಿಂತಿದೆ. ದರಿಯಾ ದೌಲತ್ ಬಾಗ್‌ನಂಥ ಕೇಂದ್ರ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ (ಹೊಸ ನಿರ್ಮಾಣಕ್ಕೆ ಅವಕಾಶವಿಲ್ಲ), ಅದರಾಚೆ 200 ಮೀಟರ್ ನಿಯಂತ್ರಿತ ಪ್ರದೇಶ (ಅನುಮತಿ ಪಡೆದೇ ಕಟ್ಟಬೇಕು). ಅದು ಸಂಸತ್ತಿನ ಕಾನೂನು. ಪುರಸಭೆ ಎಷ್ಟೇ ಸಡಿಲಿಸಿದರೂ ಅದನ್ನು ಮೀರಲಾಗದು. ಅಳತೆ ಶುರುವಾಗುವುದು ಸ್ಮಾರಕದ ಸಂರಕ್ಷಿತ ಗಡಿಯಿಂದ, ಗೋಪುರದ ಬುಡದಿಂದಲ್ಲ. ಮೊದಲು ಸರ್ವೆ ಮಾಡಿಸಿ, ಆಮೇಲೆ ನಕ್ಷೆ ಬರೆಸಿ.

ಪ್ರಶ್ನೆ: ಆಕ್ಷೇಪಣೆಯ ಗಡುವು ಕಳೆದ ವಾರ ಮುಗಿಯಿತು.

ಉತ್ತರ: ಆದರೂ ಇವತ್ತೇ ಕೊಡಿ. ತಡವಾಗಿ ಬಂದದ್ದನ್ನು ಪರಿಗಣಿಸಲೇಬೇಕೆಂದಿಲ್ಲ, ಆದರೆ ಅಂತಿಮ ಬೈಲಾ ಪ್ರಕಟವಾಗುವವರೆಗೆ ಕಡತ ತೆರೆದೇ ಇರುತ್ತದೆ. ಪುರಸಭೆಯ ನಿರ್ಣಯ ಕಾನೂನುಬಾಹಿರ ಎನಿಸಿದರೆ ಅದನ್ನು ತಡೆಹಿಡಿಯುವ ಅಧಿಕಾರ ಜಿಲ್ಲಾಧಿಕಾರಿಗಿದೆ. ಅಂತಿಮವಾಗಿ ಪ್ರಕಟವಾದಮೇಲೆ ಉಳಿಯುವುದು ಬೆಂಗಳೂರಿನ ಹೈಕೋರ್ಟಿನಲ್ಲಿ ರಿಟ್ ಅರ್ಜಿ. ಅಲ್ಲಿ ‘ದರ ಹೆಚ್ಚು’ ಎಂಬ ವಾದಕ್ಕಿಂತ ‘ಅಧಿಕಾರ ಇರಲಿಲ್ಲ’, ‘ಕರಡು ಸರಿಯಾಗಿ ಪ್ರಕಟಿಸಲಿಲ್ಲ’, ‘ಬಂದ ಆಕ್ಷೇಪಣೆ ನೋಡಲೇ ಇಲ್ಲ’ ಎಂಬವು ನಿಲ್ಲುತ್ತವೆ. ಕೊನೆಯದನ್ನು ಸಾಬೀತುಪಡಿಸಲು ಬೇಕಾದದ್ದು ಟಪಾಲು ವಿಭಾಗದ ಮೊಹರು ಬಿದ್ದ ನಿಮ್ಮ ಪ್ರತಿ.