ಅಮೆರಿಕದಲ್ಲಿ ಬಳಸಿ ಬಿಟ್ಟ ಕೃತಕ ಕಾಲನ್ನು ಬೆಂಗಳೂರಿಗೆ ಕಳಿಸಿದರೆ ಯಾರಿಗಾದರೂ ಉಪಯೋಗ ಆಗುತ್ತಾ?

ನಿಮ್ಮ ಮಾವನವರು ತೀರಿಕೊಂಡ ಮೇಲೆ ಅವರ ಕೃತಕ ಕಾಲು ಹಾಗೇ ಇದೆ, ಬಿಸಾಡಲು ಮನಸ್ಸಿಲ್ಲ, ಇಲ್ಲಿ ಯಾರಿಗಾದರೂ ಕೊಡಬಹುದಾ ಅಂತ ಕೇಳಿದ್ದೀರಿ. ಕೊಡಬಹುದು. ಆದರೆ ಇಡೀ ಕಾಲನ್ನಲ್ಲ.

ನನ್ನ ಎಡಗಾಲು ಮಂಡಿಯ ಮೇಲಿಂದ ಹೋಗಿ ಹನ್ನೊಂದು ವರ್ಷ ಆಯಿತು. ತೊಡೆ ಕೂರುವ ಬಟ್ಟಲಿನಂಥ ಭಾಗಕ್ಕೆ ಸಾಕೆಟ್ ಅಂತಾರೆ. ತೊಡೆಗೆ ಪ್ಲಾಸ್ಟರ್ ಬ್ಯಾಂಡೇಜ್ ಸುತ್ತಿ ಅಚ್ಚು ತೆಗೆದು, ಅದರೊಳಗೆ ಪ್ಲಾಸ್ಟರ್ ಎರೆದು ತೊಡೆಯ ಪ್ರತಿರೂಪ ಮಾಡಿ, ಅದರ ಮೇಲೆ ಕಾದ ಪ್ಲಾಸ್ಟಿಕ್ ಹಾಳೆ ಹೊದಿಸಿ ಮಾಡುತ್ತಾರೆ. ನನ್ನ ಅಳತೆಗೇ ಮಾಡಿದ್ದು ಕೂಡ ದಿನವಿಡೀ ಒಂದೇ ಥರ ಕೂರುವುದಿಲ್ಲ. ಬೆಳಿಗ್ಗೆ ಒಂದು ಕಾಲುಚೀಲ ಸಾಕು. ಸಂಜೆಗೆ ತೊಡೆ ಇಳಿದು ಸಾಕೆಟ್ ಲೊಡಲೊಡ ಅನ್ನುತ್ತೆ, ಮೇಲೆ ಇನ್ನೊಂದು ಚೀಲ ಹಾಕಬೇಕು. ಬೇರೆಯವರ ಸಾಕೆಟ್ ಅಂದರೆ ಎರಡೇ ದಿನಕ್ಕೆ ಹುಣ್ಣು.

ಬಿಚ್ಚಿ ಕೊಡಬಹುದಾದದ್ದು ಮಂಡಿ, ಪೈಪು, ಪಾದ. ಪಾದದಲ್ಲೂ ಒಂದು ತೊಡಕಿದೆ. ಅಮೆರಿಕದ್ದು ಶೂ ಹಾಕಿಕೊಂಡೇ ನಡೆಯುವವರಿಗೆ ಮಾಡಿದ್ದು. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದರೆ ಹಿಂದಕ್ಕೆ ವಾಲಿದ ಹಾಗಾಗುತ್ತೆ. ನಾವು ಬರಿಗಾಲಲ್ಲಿ ಓಡಾಡುವವರು, ನೆಲದ ಮೇಲೆ ಕೂರುವವರು ಅಲ್ವಾ? ಇದನ್ನೆಲ್ಲ ಯೋಚಿಸಿಯೇ 1968ರಲ್ಲಿ ಜೈಪುರದಲ್ಲಿ ಕುಶಲಕರ್ಮಿ ರಾಮಚಂದ್ರ ಶರ್ಮಾ ಮತ್ತು ಡಾ. ಪಿ.ಕೆ. ಸೇಠಿ ಸೇರಿ ರಬ್ಬರ್, ಮರ ಬಳಸಿ ಜೈಪುರ್ ಪಾದ ಮಾಡಿದ್ದು. ಕೆಸರಲ್ಲಿ ನಡೆಯಬಹುದು, ಕುಕ್ಕರಗಾಲಲ್ಲಿ ಕೂರಬಹುದು. ಆ ವಿದ್ಯೆ ಇಲ್ಲಿಂದಲೇ ಬೇರೆ ಬಡ ದೇಶಗಳಿಗೂ ಹೋಯಿತು. ಬರೀ ನಾವು ಕೈ ಚಾಚುವವರು ಅಂದುಕೊಳ್ಳಬೇಡಿ!

ಇನ್ನು ಮಂಡಿ. ಮೊದಲ ವರ್ಷ ಒಂದು ಶಿಬಿರದಲ್ಲಿ ನನಗೆ ಹೊರದೇಶದ ಹಳೆ ಮಂಡಿ ಸಿಕ್ಕಿತ್ತು. ಏನು ಚೆನ್ನಾಗಿತ್ತು ಅಂತೀರಿ! ಮೆಜೆಸ್ಟಿಕ್‌ನಲ್ಲಿ ಮೆಟ್ಟಿಲು ಇಳಿಯುವಾಗಲೂ ಹೆದರಿಕೆ ಇರಲಿಲ್ಲ. ಒಂಬತ್ತು ತಿಂಗಳಿಗೆ ಒಳಗಿನ ಬೆರಳುದ್ದದ ರಬ್ಬರ್ ತುಂಡು ಸವೆದು ಟಕ್ ಟಕ್ ಸದ್ದು ಶುರುವಾಯಿತು. ಕೊಟ್ಟವರನ್ನು ಕೇಳಿದರೆ ‘ನಾವು ಕೊಟ್ಟಾಯ್ತಲ್ಲ’ ಅಂದರು. ಬಿಡಿಭಾಗಗಳ ಅಂಗಡಿಗಳಿರುವ ಎಸ್.ಪಿ. ರೋಡಲ್ಲೂ ಹುಡುಕಿದೆ, ಸಿಗಲಿಲ್ಲ. ಈಗಲೂ ಅದು ಅಟ್ಟದ ಮೇಲಿದೆ, ನಿಮ್ಮ ಮಾವನವರ ಕಾಲಿನ ಹಾಗೆ.

ಅದಕ್ಕೇ ಹೇಳುವುದು, ವಸ್ತುವಿಗಿಂತ ರಿಪೇರಿ ವಿದ್ಯೆ ಹಂಚಿದರೆ ಜಾಸ್ತಿ ಕಾಲ ಉಳಿಯುತ್ತೆ. ಇಲ್ಲೇ ಬೆಂಗಳೂರಲ್ಲಿ ಮೊಬಿಲಿಟಿ ಇಂಡಿಯಾ ಅನ್ನುವ ಸಂಸ್ಥೆಯವರು ಕೃತಕ ಕಾಲು ಮಾಡುವವರನ್ನು ತಯಾರು ಮಾಡುತ್ತಾರೆ. ಮದ್ರಾಸ್ ಐಐಟಿ ಅವರ ಜೊತೆ ಸೇರಿ 2022ರಲ್ಲಿ ‘ಕದಮ್’ ಅನ್ನುವ ಮಂಡಿ ತಂದಿತು. ಕೆಟ್ಟರೆ ಕೇಳಲು ಊರಲ್ಲೇ ಜನ ಇರುತ್ತಾರೆ, ಅದು ದೊಡ್ಡ ವಿಷಯ.

ಆದರೂ ಕಳಿಸುತ್ತೀರಾದರೆ ಸುಮ್ನೆ ಪಾರ್ಸೆಲ್ ಮಾಡಬೇಡಿ. ಮಂಡಿಯ ಮೇಲಿರುವ ಕಂಪನಿ ಹೆಸರು, ಮಾಡೆಲ್ ನಂಬರ್, ಎಷ್ಟು ಕೆಜಿವರೆಗೆ ತಡೆಯುತ್ತೆ ಅನ್ನುವುದರ ಫೋಟೋ ತೆಗೆದು, ಇಲ್ಲಿಯ ಯಾವುದಾದರೂ ಕೃತಕ ಕಾಲಿನ ಕೇಂದ್ರಕ್ಕೆ ಮೊದಲು ತೋರಿಸಿ. ಬೇಕು ಅಂದರೆ ಸಾಕೆಟ್ ಬಿಚ್ಚಿಟ್ಟು ಉಳಿದದ್ದನ್ನು ಕಳಿಸಿ. ಮಾವನವರ ಡ್ರಾಯರ್‌ನಲ್ಲಿ ಸ್ಕ್ರೂ ತಿರುಗಿಸುವ ಸಣ್ಣ ಅಲೆನ್ ಕೀ ಇದ್ದರೆ, ಅದನ್ನೂ ಹಾಕಿ.