ರಾತ್ರಿ ಡೈವಿಂಗ್ ಮಾಡುವಾಗ ಸೀಲ್ ಬೆನ್ನು ಹತ್ತಿದರೆ ಹೆದರಬೇಕಾ?

ಹೆದರಬೇಡಿ. ಹೆಚ್ಚಿನ ಸಲ ಸೀಲ್ ಎಂಬ ಈ ಕಡಲ ಸಸ್ತನಿಗೆ ಬೇಕಿರುವುದು ನೀವಲ್ಲ, ನಿಮ್ಮ ಟಾರ್ಚ್ ಬೆಳಕು. ನೇತ್ರಾಣಿಯಲ್ಲಿ ಡೈವಿಂಗ್ ಕಲಿತವರಿಗೆ ಇದು ಹೊಸ ಅನುಭವವೇ, ನಮ್ಮ ಕಡಲಲ್ಲಿ ಸೀಲ್‌ಗಳಿಲ್ಲವಲ್ಲ.

ಕ್ಯಾಲಿಫೋರ್ನಿಯಾದ ಮಾಂಟೆರೆಯಲ್ಲಿ ರಾತ್ರಿ ನೀರಿಗಿಳಿಯುವವರಿಗೆ ಇದು ಚೆನ್ನಾಗಿ ಗೊತ್ತು. ಅಲ್ಲಿನ ಹಾರ್ಬರ್ ಸೀಲ್‌ಗಳು ಡೈವರ್‌ಗಳ ಬೆಳಕಲ್ಲಿ ಬೇಟೆಯಾಡುವುದನ್ನು ಕಲಿತುಬಿಟ್ಟಿವೆ. ನೀವು ಒಂದು ಮೀನಿನ ಮೇಲೆ ಬೆಳಕು ಬಿಡುತ್ತೀರಿ. ಭುಜದ ಪಕ್ಕದಿಂದ ದೊಡ್ಡ ಮೈಯೊಂದು ನುಗ್ಗುತ್ತದೆ, ಮೀನು ಮಾಯ! ಎದೆ ಧಸಕ್ ಅನ್ನದೆ ಇರುತ್ತಾ? ಹಾಗಾಗಿ ಒಂದೇ ಮೀನಿನ ಮೇಲೆ ಜಾಸ್ತಿ ಹೊತ್ತು ಬೆಳಕು ನಿಲ್ಲಿಸಬೇಡಿ.

ಬೆಳಕಿಲ್ಲದೆಯೂ ಅದು ಬೇಟೆಯಾಡಬಲ್ಲದು, ಮೀಸೆಯ ಬಲದಿಂದ. ನನಗೆ ತುಂಬಾ ಇಷ್ಟವಾದ ಪ್ರಯೋಗ ಒಂದಿದೆ. 2001ರಲ್ಲಿ ಜರ್ಮನಿಯ ವಿಜ್ಞಾನಿಗಳು ಹಾರ್ಬರ್ ಸೀಲ್‌ನ ಕಣ್ಣು ಕಟ್ಟಿ, ಕಿವಿಗೆ ಹೆಡ್‌ಫೋನ್ ಹಾಕಿದರು. ಆದರೂ ಪುಟ್ಟ ಜಲಾಂತರ್ಗಾಮಿಯೊಂದು ಹೋದ ದಾರಿಯನ್ನು ಅದು ನೀರಿನ ಅಲುಗಾಟದಿಂದಲೇ ಹಿಡಿದು ಸಾಗಿತು. ನೀವು ಈಜಲು ಕಾಲಿಗೆ ತೊಟ್ಟ ಫಿನ್ ಎಬ್ಬಿಸುವ ಸುಳಿಯೂ ಅದಕ್ಕೆ ತಿಳಿಯುತ್ತದೆ.

ಕೆಲವು ಸೀಲ್‌ಗಳು ಫಿನ್ ಕಚ್ಚಿ ನೋಡುತ್ತವೆ. ಒದೆಯಬೇಡಿ, ಅಟ್ಟಿಸಿಕೊಂಡು ಹೋಗಬೇಡಿ. ಸುಮ್ನೆ ನಿಂತು ನಿಧಾನವಾಗಿ ಉಸಿರಾಡಿ. ಕಣ್ಣಿಗೆ ನೇರ ಟಾರ್ಚ್ ಬೇಡ, ಬೆಕ್ಕಿನ ಕಣ್ಣಿನ ಹಾಗೆ ಅದರ ಕಣ್ಣಲ್ಲೂ ಬೆಳಕು ಹಿಂದಿರುಗಿಸುವ ಪದರವಿದೆ. ಮುಟ್ಟುವುದು, ತಿನ್ನಿಸುವುದು ಖಂಡಿತ ಬೇಡ. ಅಮೆರಿಕದಲ್ಲಿ 1972ರ ಕಾನೂನು ಕಡಲ ಸಸ್ತನಿಗಳಿಗೆ ತೊಂದರೆ ಕೊಡುವುದನ್ನು ನಿಷೇಧಿಸಿದೆ.

ಕೈಗೇ ಕಚ್ಚಿದರೆ ಮಾತ್ರ ಉದಾಸೀನ ಮಾಡಬೇಡಿ. ಬೆರಳು ಊದಿ, ಕೀಲು ಬಿಗಿಯುವ ಸೋಂಕು ಬರಬಹುದು. ಅದಕ್ಕೆ ಟೆಟ್ರಾಸೈಕ್ಲಿನ್ ಗುಂಪಿನ ಔಷಧ ಬೇಕಾಗುತ್ತದೆ, ಆದ್ದರಿಂದ ಡಾಕ್ಟರ್‌ಗೆ 'ಸೀಲ್ ಕಚ್ಚಿದ್ದು' ಅಂತಲೇ ಹೇಳಿ.